ಪ್ರಸಾದದ ಪ್ರಮಾಣ

‘ಆರೋಗ್ಯ’ವೆಂಬ ಶಬ್ದವು ರೋಗವಿಲ್ಲದಿರುವಿಕೆಯನ್ನು ಮಾತ್ರ ಹೇಳುತ್ತದೆ, ಅದು ನಿಷೇಧಮುಖದ ಮಾತು. ‘ಸ್ವಾಸ್ಥ್ಯ’ವೆಂಬುದಾದರೋ ವಿಧಿಮುಖವಾದುದು. ತನ್ನಲ್ಲಿ ತಾನು ನೆಲೆನಿಂತವನು ಸ್ವಸ್ಥನು. ಇನ್ನು ‘ಸರಳ’ವೆಂದರೆ ನೆಟ್ಟಗಿರುವುದು, ನೇರವಾಗಿ ಬೆಳೆಯುವ ದೇವದಾರು ಜಾತಿಯ ಮರಕ್ಕೂ ಸಂಸ್ಕೃತದಲ್ಲಿ ಇದೇ ಹೆಸರುಂಟು. ಆದುದರಿಂದ ಸರಳ ಜೀವನವೆಂದರೆ ದಾರಿದ್ರ್ಯದ ಜೀವನವಲ್ಲ, ಬಾಗುಬಳಸಿಲ್ಲದ ಜೀವನವೆಂದು ತಿಳಿಯತಕ್ಕದ್ದು. ತರಗತಿಯಲ್ಲಿ ಈ ಮೂರು ಶಬ್ದಗಳ ವ್ಯುತ್ಪತ್ತಿಯನ್ನು ಬರೆಯಿಸುವುದು ಸುಲಭ. ಮಧ್ಯಾಹ್ನದ ಪಂಕ್ತಿಯಲ್ಲಿ ಅದೇ ಮಕ್ಕಳ ಎದುರಿಗೆ ಕುಳಿತು ಅವುಗಳ ಅರ್ಥವನ್ನು ತಟ್ಟೆಯಲ್ಲಿ ಕಾಣಿಸುವುದು ಅಷ್ಟು ಸುಲಭವಲ್ಲ.

ಶರಣರು ಕಾಯವನ್ನು ಹಳಿದರೆಂದು ಕೆಲವರು ಬಗೆದಿರುವರು. ವೈರಾಗ್ಯಪರವಾದ ವಚನಗಳು ಇರುವುದೇನೋ ನಿಜ. ಆದರೆ ಅವನ್ನಷ್ಟೇ ಹಿಡಿದು ತೀರ್ಪು ಕೊಡುವುದು ಏಕದೇಶವಾದೀತು. ಲಿಂಗವನ್ನು ಅಂಗದ ಮೇಲೆ ಧರಿಸಿದವರು, ಕಾಯಕವನ್ನು ಪೂಜೆಗೆ ಸಮವೆಂದು ಎಣಿಸಿದವರು, ಕಾಯವನ್ನು ಕಡೆಗಣಿಸುವುದೆಂತು? ಕೈಕಾಲುಗಳು ನೆಟ್ಟಗಿಲ್ಲದವನಿಗೆ ಕಾಯಕವೂ ದುಸ್ತರ, ದಾಸೋಹವೂ ದುಸ್ತರ. ಅನ್ನವನ್ನು ಮೊದಲು ಅರ್ಪಿಸಿ, ಬಳಿಕ ಪ್ರಸಾದವೆಂದು ಸ್ವೀಕರಿಸುವ ಕ್ರಮದಲ್ಲಿಯೇ ಒಂದು ತಡೆ ಅಡಗಿದೆ. ಅರ್ಪಿಸಲು ಕೈ ಒಂದು ಕ್ಷಣ ನಿಲ್ಲಬೇಕು. ಆ ಕ್ಷಣದಲ್ಲಿ ಇದು ನನಗೆ ಬೇಕೆ, ಎಷ್ಟು ಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅರ್ಪಿತದಲ್ಲಿ ಅವಧಾನವಿರಬೇಕೆಂದು ಶರಣರು ಒತ್ತಿ ಹೇಳಿದುದರಲ್ಲಿ ಈ ಅರ್ಥವೂ ಸೇರಿದೆಯೆಂಬುದು ನನ್ನ ಮತ.

ನಮ್ಮ ಪ್ರಸಾದನಿಲಯಕ್ಕೆ ಚನ್ನಗಿರಿ, ಹೊನ್ನಾಳಿ, ಜಗಳೂರು ಮತ್ತು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿ, ಈ ನಾಲ್ಕು ಕಡೆಗಳಿಂದಲೂ ಮಕ್ಕಳು ಬರುತ್ತಾರೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಜಿಲ್ಲೆ ಒಂದಾದರೂ ನೆಲ ಒಂದಾಗಲಿಲ್ಲ. ಚನ್ನಗಿರಿಗೆ ಸೂಳೆಕೆರೆಯ ನೀರು, ಅಡಕೆಯ ತೋಟ. ಹೊನ್ನಾಳಿಗೆ ತುಂಗಭದ್ರೆಯ ದಡ, ಬತ್ತದ ಗದ್ದೆ. ನ್ಯಾಮತಿಯ ಕಡೆಗೆ ತೀರ್ಥರಾಮೇಶ್ವರದ ಗುಡ್ಡ, ಮಲೆನಾಡಿನ ಸೆರಗು. ಜಗಳೂರಿಗೆ ಮಳೆಯ ಮುಖ ನೋಡುವ ಕೆಂಪು ನೆಲ. ೧೯೬೦ರ ದಶಕದಿಂದೀಚೆಗೆ ಭದ್ರಾ ಕಾಲುವೆಗಳು ಹರಿದಲ್ಲೆಲ್ಲ ಜೋಳ, ರಾಗಿ, ನವಣೆಗಳು ಹಿಂದೆ ಸರಿದು ಬತ್ತ ಮುಂದೆ ಬಂದಿತು. ಅದರಿಂದ ಹಸಿವು ಹಿಂಗಿತೆಂಬುದನ್ನು ಮರೆಯಬಾರದು. ಹಬ್ಬಕ್ಕೊಮ್ಮೆ ಅನ್ನ ಕಂಡ ಹಿರಿಯರು ಮೂರು ಹೊತ್ತೂ ಅನ್ನ ಬಯಸಿದರೆ ಅದನ್ನು ದೋಷವೆನ್ನುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ ಅವರು ಅನ್ನದೊಡನೆ ಹೊಲದ ದುಡಿಮೆಯನ್ನೂ ಉಂಡರು. ನಾವು ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಿ ಅನ್ನವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಮನೆಯಿಂದ ಹಾಲಿನ ಡೇರಿಗೆ ಹೋಗಲೂ ಮೋಟಾರು ಬೈಕು ಬೇಕಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿರುವುದೆಂದೂ, ೧೩ ಕೋಟಿಗೂ ಮಿಕ್ಕು ಜನರು ಅದರ ಹೊಸ್ತಿಲಲ್ಲಿರುವರೆಂದೂ ಅಂದಾಜು ಮಾಡಿತು. ಇದು ಪೇಟೆಯ ಶ್ರೀಮಂತರ ಬೇನೆಯೆಂದು ಹಿಂದೆ ಹೇಳುತ್ತಿದ್ದೆವು. ಈಗ ನಮ್ಮ ಮಠಕ್ಕೆ ಬರುವ ರೈತಭಕ್ತರ ಜೋಳಿಗೆಯಲ್ಲಿಯೂ ವಿಭೂತಿಗಟ್ಟಿಯ ಪಕ್ಕದಲ್ಲಿ ಮಾತ್ರೆಯ ಚೀಟಿ ಇರುತ್ತದೆ.

ನನಗೆ ಐವತ್ತು ತುಂಬಿದ ವರ್ಷ ವೈದ್ಯರು ರಕ್ತದ ಒತ್ತಡವು ಏರುವ ದಾರಿಯಲ್ಲಿದೆಯೆಂದರು. ನಮ್ಮ ವಂಶದಲ್ಲಿ ಅದು ಹಳೆಯದು. ಅಂದಿನಿಂದ ಶಾಲೆಗೆ ನಡೆದೇ ಹೋಗುತ್ತೇನೆ; ಹೋಗಿಬರಲು ಒಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಶ್ರಮವನ್ನೂ, ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪನ್ನೂ ಹೇಳಿದೆ. ನಡಿಗೆಯ ಲೆಕ್ಕವು ಸುಲಭವಾಗಿ ತುಂಬಿತು. ಉಪ್ಪಿನ ಲೆಕ್ಕವು ನಮ್ಮ ಸೀಮೆಯಲ್ಲಿ ಕಷ್ಟವೇ ಸರಿ, ಏಕೆಂದರೆ ಉಪ್ಪಿನಕಾಯಿಯೂ ಹಪ್ಪಳವೂ ಇಲ್ಲದ ಊಟವನ್ನು ನಮ್ಮವರು ಊಟವೆಂದೇ ಎಣಿಸುವುದಿಲ್ಲ. ರಾತ್ರಿಯ ಊಟವನ್ನು ಏಳು ಗಂಟೆಗೆ ಮುಗಿಸಿ, ಮೊಬೈಲನ್ನು ಎಂಟಕ್ಕೆ ಬೀರುವಿನಲ್ಲಿಡುತ್ತೇನೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಊರೆಗೋಲುಗಳ ಮೇಲೆ ಶರೀರ ನಿಂತಿದೆಯೆಂದು ಚರಕ ಸಂಹಿತೆಯು ಹೇಳುತ್ತದೆ. ಮೊದಲನೆಯದನ್ನು ಕುರಿತು ಎಲ್ಲರೂ ಮಾತಾಡುತ್ತಾರೆ. ಎರಡನೆಯದನ್ನು ಈ ಕಿರುಯಂತ್ರವು ಕದ್ದೊಯ್ದುದನ್ನು ಕೇಳುವವರಿಲ್ಲ.

ಈಗ ಪ್ರಸಾದದ ಪ್ರಶ್ನೆಗೆ ಬರೋಣ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದು, ತೊಳೆದ ನೀರನ್ನೂ ಸೇವಿಸಬೇಕೆಂಬುದು ನಮ್ಮಲ್ಲಿ ಬಂದ ನಿಷ್ಠೆ. ಜಾತ್ರೆಯ ದಿನ ಗೋದಿ ಹುಗ್ಗಿಯನ್ನು ತುಪ್ಪದೊಡನೆ ಬಡಿಸುವಾಗ, ಬಡಿಸುವವನು ಉತ್ಸಾಹದಿಂದ ಎರಡು ಸೌಟು ಹೆಚ್ಚು ಸುರಿಯುತ್ತಾನೆ. ಉಣ್ಣುವವನು ಪ್ರಸಾದವನ್ನು ಬಿಡಬಾರದೆಂದು ಕಣ್ಣಲ್ಲಿ ನೀರು ಬರುವವರೆಗೂ ಉಣ್ಣುತ್ತಾನೆ. ಇದು ನಿಷ್ಠೆಯೆಂದು ತೋರುವುದು, ಆದರೆ ನಿಷ್ಠೆಯ ತಲೆಕೆಳಗಾದ ರೂಪ. ಬಿಡಬಾರದೆಂಬ ನಿಯಮವು ಉಂಡು ಮುಗಿಸುವ ಹೊತ್ತಿಗಲ್ಲ, ನೀಡಿಸಿಕೊಳ್ಳುವ ಹೊತ್ತಿಗೆ ಇರುವುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ವಾಚಕರು ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಲಕ್ಕಮ್ಮನು ಆ ಹೆಚ್ಚಿನದನ್ನು ಬಂದಲ್ಲಿಗೇ ಹಿಂದಿರುಗಿಸೆಂದು ಕಳುಹಿಸಿದಳು. ಅಕ್ಕಿ ಕೆಟ್ಟದಾಗಿರಲಿಲ್ಲ, ಕದ್ದದ್ದೂ ಆಗಿರಲಿಲ್ಲ. ಅಂದಿನ ಅಗತ್ಯವನ್ನು ಮೀರಿತ್ತು, ಅಷ್ಟೆ. ಈ ಕಥೆಯನ್ನು ನಾವು ಲೋಭದ ಪಾಠವಾಗಿ ಮಾತ್ರ ಹೇಳುತ್ತ ಬಂದಿದ್ದೇವೆ. ಅಡಿಗೆಮನೆಯ ಪಾಠವಾಗಿಯೂ ಹೇಳಬಹುದು. ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ದ್ರವಕ್ಕೆ, ಒಂದು ಭಾಗ ವಾಯುಸಂಚಾರಕ್ಕೆ ಎಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ ಪ್ರಮಾಣಕ್ಕೂ ಲಕ್ಕಮ್ಮನ ನಡೆಗೂ ವಿರೋಧವಿಲ್ಲ.

ಸಿರಿಧಾನ್ಯಗಳ ವಿಷಯದಲ್ಲಿಯೂ ಅತಿ ಬೇಡ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆಗಳಿಗೆ ಪೇಟೆಯಲ್ಲಿ ಬಂದ ಮರ್ಯಾದೆಯನ್ನು ಕಂಡು ಜಗಳೂರಿನ ಮುದುಕಿಯರು ನಕ್ಕಿದ್ದಾರು. ನೂರು ಗ್ರಾಮ್ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಮ್ ಸುಣ್ಣದ ಸತ್ತ್ವವಿದೆ. ಅಷ್ಟೇ ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದು ದೊಡ್ಡ ಅಂತರವೇ. ಆದರೆ ರಾಗಿಯನ್ನು ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಮೂರು ಮುದ್ದೆ ಉಂಡರೂ ಏರುತ್ತದೆ. ಧಾನ್ಯ ಬದಲಾದ ಮಾತ್ರಕ್ಕೆ ಪ್ರಮಾಣದ ಪ್ರಶ್ನೆ ಬದಲಾಗದು. ಇನ್ನೊಂದು ವಿಚಿತ್ರವೆಂದರೆ, ಜಗಳೂರಿನ ಹೊಲಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ. ಅದರಲ್ಲಿ ಬಹುಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಬೆಳೆದವನು ತನ್ನ ಊಟಕ್ಕೆ ಅಂಗಡಿಗೆ ಹೋಗುತ್ತಾನೆ.

ಸರಳತೆಯನ್ನು ಯಾರಿಗೆ ಬೋಧಿಸಬೇಕೆಂಬುದೂ ವಿಚಾರಾರ್ಹ. ಜಗಳೂರಿನ ಕೆಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುವುದು, ಮತ್ತೂ ಹೆಚ್ಚಾದರೆ ಕೀಲುಗಳು ಬಿಗಿಯುವುವು. ಅಲ್ಲಿಯ ಮಗುವಿಗೆ ಮಿತಾಹಾರವನ್ನು ಉಪದೇಶಿಸಿ ಏನು ಫಲ? ಅದಕ್ಕೆ ಬೇಕಾದುದು ಒಳ್ಳೆಯ ನೀರು. ತುಂಗಭದ್ರೆಯಿಂದ ಆ ತಾಲ್ಲೂಕಿನ ೫೭ ಕೆರೆಗಳಿಗೆ ನೀರು ತುಂಬಿಸುವ ಯೋಜನೆಯನ್ನು ಜನರು ಅಷ್ಟು ಆಸೆಯಿಂದ ಕಾದುದು ಬೆಳೆಗಾಗಿ ಮಾತ್ರವಲ್ಲ. ತನ್ನ ಇಚ್ಛೆಯಿಂದ ಕಡಿಮೆ ಮಾಡಿಕೊಂಡುದು ವ್ರತ. ವಿಧಿಯಿಲ್ಲದೆ ಕಡಿಮೆಯಾದುದು ಬಡತನ. ಎರಡಕ್ಕೂ ಒಂದೇ ಹೆಸರಿಡುವ ಉಪನ್ಯಾಸಕರು ನಮ್ಮಲ್ಲಿ ಕಡಿಮೆಯಿಲ್ಲ.

ಕೊನೆಯದಾಗಿ, ಹೇಳಲು ನಾಲಗೆ ಹಿಂಜರಿಯುವ ಮಾತು. ಚನ್ನಗಿರಿಯ ಅಡಕೆಯು ಎಷ್ಟೋ ಮನೆಗಳಿಗೆ ಹೆಂಚು ಹೊದಿಸಿದೆ, ಎಷ್ಟೋ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸಿದೆ. ಮಠಗಳ ದಾಸೋಹಕ್ಕೂ ಅದರ ಪಾಲು ಸಂದಿದೆ. ಪೂಜೆಯ ತಾಂಬೂಲದಲ್ಲಿ ಅದಕ್ಕೆ ಸ್ಥಾನವುಂಟು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕು ಬೆರೆಯದ ಅಡಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಆ ವರ್ಗವು ಸಾಕ್ಷ್ಯ ಎಷ್ಟು ದೃಢವೆಂಬುದನ್ನು ಹೇಳುವುದೇ ಹೊರತು ಒಂದು ಹೋಳಿನಿಂದ ಎಷ್ಟು ಕೇಡೆಂಬುದನ್ನಲ್ಲ. ಈ ಭೇದವನ್ನು ಬೆಳೆಗಾರರು ಎತ್ತಿಹೇಳುವುದು ನ್ಯಾಯವೇ. ಆದರೂ ಸಾಕ್ಷ್ಯವು ಸಾಕ್ಷ್ಯವೇ. ರಾಜ್ಯದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಡಕೆಯ ಪುಡಿಯೊಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು, ಎರಡೂ ಕೊಂಡವನ ಅಂಗೈಯಲ್ಲಿ ಕೂಡುತ್ತಿವೆ.

ನನ್ನಲ್ಲಿ ಓದಿ ಹೋದ ಶಿಷ್ಯನೊಬ್ಬನು ಹೋದ ವರ್ಷ ದರ್ಶನಕ್ಕೆ ಬಂದಿದ್ದನು. ವಯಸ್ಸು ಮೂವತ್ತರ ಒಳಗೆ. ಕೆಲಸಕ್ಕೆ ಸೇರಿದಂದಿನಿಂದ ಚೀಟಿಗಳನ್ನು ಅಗಿದು ಕೆನ್ನೆಯ ಒಳಪೊರೆ ಗಡುಸಾಗಿ, ಮೂರು ಬೆರಳು ಹಿಡಿಯಬೇಕಾದ ಬಾಯಿ ಒಂದು ಬೆರಳಿಗೆ ಬಂದು ನಿಂತಿತ್ತು. ಪಂಕ್ತಿಯಲ್ಲಿ ಕುಳಿತರೂ ಮುದ್ದೆಯ ತುತ್ತು ಒಳಗೆ ಹೋಗದು, ಸಾರಿನ ಖಾರ ತಾಳದು. ಅವನಿಗೆ ಮಜ್ಜಿಗೆಯಲ್ಲಿ ಕಲಸಿದ ಅಂಬಲಿಯನ್ನು ಲೋಟದಲ್ಲಿ ಕೊಟ್ಟೆವು. ಬೆಳೆಯುವ ರೈತನನ್ನು ನಾನು ದೂರಲಾರೆ. ಬೇರೆ ಯಾವ ಬೆಳೆ ಅಷ್ಟು ಕೊಡುವುದೆಂದು ಅವನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಕ್ಕಳ ಬಾಯಿಗೆ ಆ ಚೀಟಿ ಹೋಗಬಾರದೆಂದು ಹೇಳಲು ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ತೋಟದ ಮನೆಗಳಿಂದ ಬಂದ ಮಕ್ಕಳ ಮುಂದೆಯೇ, ಅವರ ತಂದೆಯರು ಬಂದ ದಿನವೇ, ಇದನ್ನು ಹೇಳುತ್ತೇನೆ. ಒಬ್ಬಿಬ್ಬರು ಮುಖ ತಿರುಗಿಸಿದ್ದುಂಟು. ಒಬ್ಬರು ಸಭೆ ಮುಗಿದ ಮೇಲೆ ಜೇಬಿನ ಚೀಟಿಗಳನ್ನು ತೆಗೆದು ಕಂಬದ ಬುಡದಲ್ಲಿಟ್ಟು ಹೋದರು.

ಈ ಸಲ ಸುಗ್ಗಿಯಲ್ಲಿ ಜಗಳೂರಿನ ಭಕ್ತರು ದಾಸೋಹಕ್ಕೆ ಎರಡು ಚೀಲ ನವಣೆ ತಂದರು. ಅದನ್ನು ಬೇಯಿಸುವ ಹದ ಅಡಿಗೆಯವರಿಗೆ ತಿಳಿಯದೆ ಮೊದಲ ದಿನ ಅಂಟಾಯಿತು. ತಂದವರ ಪೈಕಿ ಒಬ್ಬ ಅಜ್ಜಿಯೇ ಒಲೆಯ ಮುಂದೆ ಕುಳಿತು ನೀರಿನ ಅಳತೆ ತೋರಿಸಿದಳು. ಚನ್ನಗಿರಿಯ ಹುಡುಗರು ಅನ್ನವೇ ಬೇಕೆಂದರು. ಈಗ ಸೋಮವಾರ, ಗುರುವಾರ ನವಣೆ, ಉಳಿದ ದಿನ ಅನ್ನ. ಬಡಿಸುವ ಸೌಟನ್ನು ಮಾತ್ರ ಚಿಕ್ಕದು ತರಿಸಿದ್ದೇವೆ, ಬೇಕಾದವರು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ.