ಮಿಸ್ ನೈಟಿಂಗೇಲರ ಬಣ್ಣದ ಚಕ್ರಗಳು

ಮಿಸ್ ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನು ಅರಿಯದ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ಯಾರೂ ಇರಲಾರರು. ರಾತ್ರಿಕಾಲದಲ್ಲಿ ದೀಪವನ್ನು ಹಿಡಿದು ರೋಗಿಗಳ ಮಂಚಗಳ ನಡುವೆ ಸಂಚರಿಸುವ ಅವರ ಚಿತ್ರವನ್ನು ಎಲ್ಲರೂ ನೋಡಿರುವರು. ಆದರೆ ಅವರ ಲೆಕ್ಕದ ಪುಸ್ತಕವನ್ನು ಚಿತ್ರಕಾರರು ಬಿಟ್ಟುಬಿಟ್ಟಿರುವದರಿಂದ, ಅದರ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರಿಸುವೆವು.

ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ನೆಯ ನವೆಂಬರಿನಲ್ಲಿ, ಇವರು 38 ಮಂದಿ ದಾದಿಯರೊಡನೆ ಸ್ಕುಟಾರಿಯ ಆಸ್ಪತ್ರೆಯನ್ನು ಸೇರಿದರು. ಮುಂದಿನ ಜನವರಿ ಒಂದೇ ತಿಂಗಳಲ್ಲಿ ಆ ಸೈನ್ಯದಲ್ಲಿ ಗಾಯಗಳಿಂದ ಸತ್ತವರು 83 ಮಂದಿ. ವಾಂತಿಭೇದಿ, ಜ್ವರ, ಆಮಶಂಕೆ ಮುಂತಾದ ರೋಗಗಳಿಂದ ಸತ್ತವರು 2,761 ಮಂದಿ. ಶತ್ರುವಿನ ಗುಂಡಿಗಿಂತ ಹೊಲಸು ಚರಂಡಿಯೇ ಹೆಚ್ಚು ಜನರನ್ನು ಕೊಂದಿತ್ತು!

ಇದನ್ನು ಮಂತ್ರಿಗಳಿಗೆ ಮನಗಾಣಿಸುವದು ಹೇಗೆ? ಅಂಕಿಗಳ ಪಟ್ಟಿಯನ್ನು ಕಂಡರೆ ದೊಡ್ಡವರಿಗೂ ನಿದ್ರೆ ಬರುವದುಂಟು. ಆದಕಾರಣ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಸಹಾಯದಿಂದ ಇವರು 1858ರಲ್ಲಿ ಎರಡು ಚಕ್ರಗಳನ್ನು ಅಚ್ಚು ಹಾಕಿಸಿದರು. ಒಂದೊಂದು ಚಕ್ರವು ಒಂದು ವರುಷ. ಅದರಲ್ಲಿ ತಿಂಗಳಿಗೊಂದರಂತೆ 30 ಅಂಶಗಳ ಹನ್ನೆರಡು ಎಸಳುಗಳು. ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಮಿಕ್ಕ ಕಾರಣಗಳಿಗೆ ಕಪ್ಪು. ಮೂರನ್ನೂ ನಡುಬಿಂದುವಿನಿಂದಲೇ ಅಳೆಯತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವುಂಟು. ಸಾವಿನ ಪ್ರಮಾಣವನ್ನು ಸೂಚಿಸುವದು ಎಸಳಿನ ಉದ್ದವಲ್ಲ, ವಿಸ್ತೀರ್ಣ. ಸಾವು ಒಂಬತ್ತು ಪಾಲು ಹೆಚ್ಚಿದರೆ ತ್ರಿಜ್ಯವು ಮೂರು ಪಾಲು ಮಾತ್ರ ಬೆಳೆಯುವದು. ಮೇಲ್ಕಂಡ ಜನವರಿಯಲ್ಲಿ ರೋಗದ ಸಾವು ಗಾಯದ ಸಾವಿನ 33 ಪಾಲಿಗೂ ತುಸು ಹೆಚ್ಚು. ನೀಲಿಯ ತ್ರಿಜ್ಯವಾದರೋ ಕೆಂಪಿನ ಆರು ಪಾಲಿಗೂ ತುಸು ಕಡಿಮೆ. ತ್ರಿಜ್ಯವನ್ನೇ 33 ಪಾಲು ಎಳೆದಿದ್ದರೆ ನೀಲಿಯು ಸಾವಿರ ಪಾಲಿಗೂ ಮಿಕ್ಕಿ ಹರಡಿ, ನೋಡುವವರನ್ನು ಬೆಚ್ಚಿಬೀಳಿಸುತ್ತಿತ್ತು. ಸುಳ್ಳುಸಾಕ್ಷಿ ಹೇಳಬೇಡವೆಂಬ ಆಜ್ಞೆಯು ನಕ್ಷೆ ಬರೆಯುವವರಿಗೂ ಸಲ್ಲುವದಷ್ಟೆ.

ಎಸಳುಗಳ ವಿಸ್ತೀರ್ಣವನ್ನು ಕಣ್ಣಳತೆಯಿಂದ ಹೋಲಿಸುವದು ಕಷ್ಟ. ಸರಳವಾದ ಪಟ್ಟಿಗಳ ನಕ್ಷೆಯು ಹೆಚ್ಚು ನಿಖರವೆಂದೇ ನಮ್ಮ ಅಭಿಪ್ರಾಯ. ಆದರೂ ಚಳಿಗಾಲದ ಆ ನೀಲಿಯನ್ನು ಕಂಡವರು ಮರೆಯಲಾರರು. 1855ರ ಮಾರ್ಚಿಯಲ್ಲಿ ಆರೋಗ್ಯ ಕಮಿಷನಿನವರು ಬಂದು ಚರಂಡಿಗಳನ್ನು ತೊಳೆಯಿಸಿ, ಕೋಣೆಗಳಿಗೆ ಗಾಳಿಯಾಡುವಂತೆ ಮಾಡಿದರು. ಆದುದರಿಂದ ಎರಡನೆಯ ಚಕ್ರದಲ್ಲಿ ನೀಲಿಯು ಕುಗ್ಗುತ್ತಾ ಬಂದು, 1856ರ ಮಾರ್ಚಿಯಲ್ಲಿ ರೋಗದಿಂದ ಸತ್ತವರು 15 ಮಂದಿ ಮಾತ್ರ.

ಲಂಡನ್ನಿನ ಅಂಕಿಅಂಶ ಸಂಘವು ಸದಸ್ಯೆಯನ್ನಾಗಿ ಸೇರಿಸಿಕೊಂಡ ಮೊದಲನೆಯ ಸ್ತ್ರೀ ಇವರೇ. ಹೆಣ್ಣುಮಕ್ಕಳಿಗೆ ಲೆಕ್ಕವೇತಕ್ಕೆಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸಬೇಕಾಗಿ ಬೇಡುವೆವು.

ಇವರು ಹಿಂದೂದೇಶವನ್ನು ಕಣ್ಣಾರೆ ಕಂಡವರಲ್ಲ. ಆದರೂ ಇಲ್ಲಿಯ ದಂಡುಗಳಿಂದ ತರಿಸಿದ ವರದಿಗಳನ್ನು ಶೋಧಿಸಿ, ಬ್ರಿಟಿಷ್ ಸಿಪಾಯಿಗಳಲ್ಲಿ ವರುಷಕ್ಕೆ ಸಾವಿರಕ್ಕೆ 69 ಮಂದಿ ಸಾಯುವರೆಂದು 1863ರಲ್ಲಿ ಪ್ರಕಟಿಸಿದರು. ಹತ್ತು ವರುಷಗಳ ತರುವಾಯ ಆ ಸಂಖ್ಯೆಯು 18ಕ್ಕೆ ಇಳಿದಿರುವದೆಂದು ಬರೆದವರೂ ಇವರೇ.