ಬೇರುನಾಳದ ಭದ್ರ ಮುಚ್ಚುಗೆ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಬೆಳಗಿನ ಲೋಕಲ್ ರೈಲು ಹಿಡಿದರೆ ಮನೆ ಸೇರುವುದು ರಾತ್ರಿಯೇ. ಹಲ್ಲುನೋವು ತಾಳಲಾರದಷ್ಟಾದಾಗ ದಂತವೈದ್ಯರಲ್ಲಿಗೆ ಧಾವಿಸುವ ಇಂಥವರು, ನೋವು ಅಡಗಿದೊಡನೆ ಮುಂದಿನ ಭೇಟಿಯನ್ನು ಮುಂದೂಡುವುದುಂಟು. ಆದರೆ ‘ರೂಟ್ ಕೆನಾಲ್’ ಎಂದು ರೂಢಿಯಲ್ಲಿರುವ ಬೇರುನಾಳ ಚಿಕಿತ್ಸೆಯು ನಾಳವನ್ನು ಭದ್ರವಾಗಿ ಮುಚ್ಚಿದ ಹೊರತು ಪೂರ್ಣವಾಗದು.

ಮುಚ್ಚುವುದೇಕೆ?

ಹಲ್ಲಿನೊಳಗೆ ರಕ್ತನಾಳ ಹಾಗೂ ನರಗಳಿಂದ ಕೂಡಿದ ಮೃದುವಾದ ಮಜ್ಜೆಯಿರುತ್ತದೆ. ಹುಳುಕು ಅಲ್ಲಿಗೆ ತಲುಪಿ ಮಜ್ಜೆ ಕೆಟ್ಟಾಗ ವೈದ್ಯರು ಅದನ್ನು ತೆಗೆದು, ನಾಳವನ್ನು ಸವರಿ, ಔಷಧದ ದ್ರಾವಣದಿಂದ ತೊಳೆಯುತ್ತಾರೆ. ಬರಿದಾದ ನಾಳವನ್ನು ಹಾಗೆಯೇ ಬಿಟ್ಟಲ್ಲಿ ರೋಗಾಣುಗಳು ಮತ್ತೆ ಒಳಸೇರಿ ಬೇರಿನ ತುದಿಯಲ್ಲಿ ಕೀವು ಕಟ್ಟುವ ಸಂಭವವಿದೆ.

ತುಂಬುವ ವಸ್ತುಗಳು

ನಾಳವನ್ನು ತುಂಬಲು ಬಹುಮಟ್ಟಿಗೆ ಬಳಸುವುದು ಗಟ್ಟಾಪರ್ಚಾ. ಇದು ಮಲಯ ಪ್ರದೇಶದ ಮರವೊಂದರ ಹಾಲಿನಿಂದ ದೊರೆಯುವ, ರಬ್ಬರನ್ನು ಹೋಲುವ ವಸ್ತು. 1870ರಲ್ಲಿ ಮುಂಬಯಿಯಿಂದ ಏಡನ್‌ವರೆಗೆ ಸಮುದ್ರದಡಿ ಹಾಸಿದ ತಂತಿಗೆ ನೀರು ತಾಗದಂತೆ ಹೊದಿಸಿದ್ದೂ ಇದನ್ನೇ. ದಂತವೈದ್ಯರ ಕಡ್ಡಿಯಲ್ಲಿ ಇದರ ಪ್ರಮಾಣ ಸುಮಾರು ಐದರಲ್ಲೊಂದು ಪಾಲು. ಉಳಿದುದರಲ್ಲಿ ಹೆಚ್ಚಿನದು ಸತುವಿನ ಆಕ್ಸೈಡ್. ಇದು ದೇಹಕ್ಕೆ ಒಗ್ಗುತ್ತದೆ, ಅಗತ್ಯವಾದರೆ ಹೊರತೆಗೆಯಲೂಬಹುದು. ಆದರೆ ಹಲ್ಲಿನ ಗೋಡೆಗೆ ತಾನಾಗಿ ಅಂಟದು. ಆದುದರಿಂದ ಸಂದುಗಳನ್ನು ತುಂಬಲು ‘ಸೀಲರ್’ ಎಂಬ ಲೇಪ ಬೇಕಾಗುತ್ತದೆ. ಅದರ ಮುಖ್ಯ ಬಗೆಗಳಿವು:

1. ಸತುವಿನ ಆಕ್ಸೈಡ್ ಮತ್ತು ಯೂಜೆನಾಲ್: ಯೂಜೆನಾಲ್ ಲವಂಗದ ಎಣ್ಣೆಯ ಸಾರ. ಬಹುಕಾಲದಿಂದ ಬಳಕೆಯಲ್ಲಿರುವ ಈ ಲೇಪದ ಬೆಲೆ ಕಡಿಮೆ; ಕಾಲಕ್ರಮದಲ್ಲಿ ಸ್ವಲ್ಪ ಕರಗುತ್ತದೆ.
2. ಎಪಾಕ್ಸಿ ರಾಳ: ಗೋಡೆಗೆ ಚೆನ್ನಾಗಿ ಅಂಟುತ್ತದೆ, ಕರಗುವುದು ಅತ್ಯಲ್ಪ.
3. ಬಯೋಸೆರಾಮಿಕ್: ಕ್ಯಾಲ್ಸಿಯಂ ಸಿಲಿಕೇಟಿನಿಂದಾದ ಈ ಹೊಸ ಲೇಪ ನಾಳದ ತೇವದಲ್ಲಿಯೇ ಗಟ್ಟಿಯಾಗುತ್ತದೆ. ಬೆಲೆ ಹೆಚ್ಚು, ಮುಂದೆ ಮರುಚಿಕಿತ್ಸೆ ಬೇಕಾದಲ್ಲಿ ತೆಗೆಯುವುದು ಕಷ್ಟ.

ಲೇಪ ಯಾವುದೇ ಆಗಿರಲಿ, ನಾಳವನ್ನು ಸರಿಯಾಗಿ ಶುದ್ಧಿಗೊಳಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ.

ನೆನಪಿಡಬೇಕಾದ ಅಂಶಗಳು

ಎರಡು ಭೇಟಿಗಳ ನಡುವೆ ಹಾಕುವ ತಾತ್ಕಾಲಿಕ ಸಿಮೆಂಟು ಕೆಲವೇ ವಾರ ಬಾಳುತ್ತದೆ. ಅದು ಸವೆದರೆ ಅಥವಾ ಬಿದ್ದುಹೋದರೆ ಕೂಡಲೇ ವೈದ್ಯರನ್ನು ಕಾಣಬೇಕು. ಯಾವುದಾದರೂ ಔಷಧ ಒಗ್ಗದಿದ್ದಲ್ಲಿ ಮೊದಲೇ ತಿಳಿಸಬೇಕು. ನಾಳವು ತುದಿಯವರೆಗೆ ತುಂಬಿರುವುದನ್ನು ಎಕ್ಸ್-ರೇ ಚಿತ್ರದಲ್ಲಿ ತೋರಿಸುವಂತೆ ಕೇಳಬಹುದು. ದವಡೆಹಲ್ಲು ಸೀಳದಂತೆ ಸಾಮಾನ್ಯವಾಗಿ ಅದರ ಮೇಲೆ ‘ಕ್ಯಾಪ್’ ಹಾಕಿಸಬೇಕಾಗುತ್ತದೆ.

ಖಾಸಗಿ ಚಿಕಿತ್ಸೆಯ ವೆಚ್ಚ ಭರಿಸಲಾಗದವರು ಮುಂಬಯಿಯ ಸರ್ಕಾರಿ ದಂತ ಕಾಲೇಜಿನಲ್ಲಿ ಅಥವಾ ನೆರೂಳ್ ಮುಂತಾದೆಡೆ ಇರುವ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ನೋವು ನಿಂತ ಮೇಲೂ ತಪ್ಪದೆ ಹೋಗುವ ಕೊನೆಯ ಭೇಟಿಯೇ ನಿಮ್ಮ ಹಲ್ಲನ್ನು ಉಳಿಸಬಲ್ಲುದು.