ಆನರ್ಸ್ ತರಗತಿಯ ಮೊದಲ ವರ್ಷ

ಶಾಲೆಯನ್ನು ಮುಗಿಸಿ ವಿಶ್ವವಿದ್ಯಾನಿಲಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನಾಲ್ಕು ಹಿತವಚನಗಳನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಂಪಾದಕರ ಅಪ್ಪಣೆಯಾಗಿದೆ. ಹಿತವಚನ ಹೇಳುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಆದುದರಿಂದ ಅದನ್ನು ಬಿಟ್ಟು, ಕನ್ನಡವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಆನರ್ಸ್ ತರಗತಿಗೆ ಕಾಲಿಟ್ಟವನಿಗೆ ಮೊದಲ ವರ್ಷದಲ್ಲಿ ಎದುರಾಗುವುದೇನು ಎಂಬುದನ್ನು ಒಬ್ಬ ಶಿಷ್ಯನ ನೆಪದಲ್ಲಿ ವಿಚಾರಿಸುವುದು ಮೇಲೆಂದು ತೋರಿತು.

ಆನರ್ಸ್ ಎಂಬುದು ನಮಗೆ ಹೊಸ ಶಬ್ದವೇನೂ ಅಲ್ಲ. ಕಳೆದ ಶತಮಾನದ ನಡುಗಾಲದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದವರು ಬಿ.ಎ. ಆನರ್ಸ್ ಓದುತ್ತಿದ್ದರು, ಒಂದು ವಿಷಯವನ್ನು ಆಳವಾಗಿ ವ್ಯಾಸಂಗ ಮಾಡುವುದು ಅದರ ಲಕ್ಷಣವಾಗಿತ್ತು. ಕಾಲಾಂತರದಲ್ಲಿ ಆ ಪದವಿ ಮರೆಯಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಕರ್ನಾಟಕದಲ್ಲಿ ಜಾರಿಗೆ ಬಂದಿತು. 2024-25ರಿಂದ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯೇ ಗೊತ್ತಾಯಿತು. ಇದರ ಯುಕ್ತಾಯುಕ್ತತೆಯ ವಿಮರ್ಶೆ ನನ್ನ ಕೆಲಸವಲ್ಲ. ಹೆಸರು ಬಂದರೂ ಹೋದರೂ ಮುಖ್ಯ ವಿಷಯದ ಪ್ರವೇಶ ಪತ್ರಿಕೆಯೆಂಬುದು ಇದ್ದೇ ಇರುತ್ತದೆ; ವಿದ್ಯಾರ್ಥಿ ಎಡವುವುದೂ ಅಲ್ಲಿಯೇ.

ನಾನು ಹೇಳುವ ಶಿಷ್ಯನು 2021ರ ತಂಡದವನು. ಸಾಂಕ್ರಾಮಿಕದ ಕಾರಣ ಆ ವರ್ಷ ದ್ವಿತೀಯ ಪಿಯುಸಿಯ ಪಬ್ಲಿಕ್ ಪರೀಕ್ಷೆಯೇ ನಡೆಯಲಿಲ್ಲ. ಹತ್ತನೆಯ ತರಗತಿ ಮತ್ತು ಪ್ರಥಮ ಪಿಯುಸಿಯ ಅಂಕಗಳಿಂದ ತಲಾ ಶೇ. 45, ಆಂತರಿಕ ಮೌಲ್ಯಮಾಪನದಿಂದ ಶೇ. 10 ಎಂದು ಲೆಕ್ಕಹಾಕಿ ಫಲಿತಾಂಶ ಕೊಟ್ಟರು. ನಮ್ಮ ಹುಡುಗನಿಗೆ ಹತ್ತನೆಯ ತರಗತಿಯ ಪ್ರಥಮ ಭಾಷೆಯಲ್ಲಿ 125ಕ್ಕೆ 123 ಬಂದಿದ್ದವು. ಆ ಧೈರ್ಯದ ಮೇಲೆಯೇ ಕನ್ನಡವನ್ನು ಆರಿಸಿಕೊಂಡ. ಸಂಕ್ರಾಂತಿಯ ಹೊತ್ತಿಗೆ ಬಂದು ನನ್ನ ಮುಂದೆ ಕುಳಿತವನು, ಕನ್ನಡವನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವೆನೆಂದು ತಲೆ ತಗ್ಗಿಸಿಕೊಂಡು ಹೇಳಿದ. ಅವನ ಮೊದಲ ಕಿರುಪ್ರಬಂಧಕ್ಕೆ ಹತ್ತಕ್ಕೆ ನಾಲ್ಕು ಅಂಕ ಬಂದಿತ್ತು. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೆಂದು ಅವನು ಬರೆದಿದ್ದ ವಾಕ್ಯದ ಪಕ್ಕದಲ್ಲಿ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಎರಡೇ ಮಾತು ಬರೆದಿದ್ದರು: “ಯಾವ ಆಧಾರದಿಂದ?”

“ಗುರುಗಳೇ, ನೀವು ಹೇಳಿಕೊಟ್ಟದ್ದನ್ನೇ ಬರೆದೆ” ಎಂದ.

ನಿಜ. ಇಪ್ಪತ್ತೈದು ವರ್ಷಗಳಿಂದ ನಾನು ತರಗತಿಯಲ್ಲಿ ಆ ಒಂದು ವಾಕ್ಯವನ್ನೇ ಬರೆಯಿಸುತ್ತ ಬಂದಿದ್ದೆ. ವಿದ್ವತ್ ಪರೀಕ್ಷೆಗೆ ಕಟ್ಟಿದಾಗ ಈ ವಿಷಯದ ವಾದವಿವಾದಗಳನ್ನು ಓದಿದವನೇ. ಆದರೂ ಮಕ್ಕಳಿಗೆ ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕೆಂಬ ಉದಾಸೀನ. ಪೆಟ್ಟು ಬಿದ್ದದ್ದು ಅವನಿಗೆ.

ಆಧಾರವನ್ನು ಇಬ್ಬರೂ ಕೂಡಿ ನೋಡಿದೆವು. ಕ್ರಿ.ಶ. 850ರ ಸುಮಾರಿನ ಈ ಲಕ್ಷಣಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ನೃಪತುಂಗನ ಹೆಸರು ಮೇಲಿಂದ ಮೇಲೆ ಬರುತ್ತದೆ. ಆದರೆ ಆ ದೊರೆಗೆ ಇದು ಸಮ್ಮತವಾದದ್ದು ಎಂಬ ಅರ್ಥದಲ್ಲಿ ಬರುತ್ತದೆ. ತಾನೇ ಬರೆದವನು ತನ್ನ ಒಪ್ಪಿಗೆಯನ್ನು ತಾನೇ ಪಡೆದೆನೆಂದು ಹೇಳಿಕೊಳ್ಳುವನೆ? ಶ್ರೀವಿಜಯನ ಹೆಸರೂ ಕೃತಿಯಲ್ಲಿದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ನೆನೆದಿದ್ದಾನೆ. ಇವೆಲ್ಲವನ್ನೂ ತೂಗಿನೋಡಿ ನೃಪತುಂಗನ ಆಸ್ಥಾನದ ಶ್ರೀವಿಜಯನೇ ಕರ್ತೃವೆಂದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿದ್ದಾರೆ. ಆದರೂ 1898ರಲ್ಲಿ ಗ್ರಂಥವನ್ನು ಅಚ್ಚುಹಾಕಿಸಿದ ಕೆ. ಬಿ. ಪಾಠಕರಂಥ ಘನವಿದ್ವಾಂಸರು ಅದನ್ನು ನೃಪತುಂಗನದೆಂದೇ ತಿಳಿದರು. ಹೀಗೆ, ಶಾಲೆಯಲ್ಲಿ ನಾವು ‘ಉತ್ತರ’ವೆಂದು ಕರೆಯುವ ವಸ್ತು ಯಾರೋ ಒಬ್ಬರು ಸಾಕ್ಷ್ಯಗಳನ್ನು ಎದುರಿಗಿಟ್ಟುಕೊಂಡು ಮಾಡಿದ ತೀರ್ಮಾನ. ಆನರ್ಸ್ ತರಗತಿಯಲ್ಲಿ ಕೇಳುವುದು ತೀರ್ಮಾನವನ್ನಲ್ಲ, ಅದಕ್ಕೆ ಹೋದ ದಾರಿಯನ್ನು.

ಅವನ ಎರಡನೆಯ ತೊಡಕು ಪದಗಳದು. ಹಳಗನ್ನಡದ ಯುದ್ಧವರ್ಣನೆಯೊಂದರಲ್ಲಿ ‘ಬಾಳ್’ ಎಂದಿದ್ದುದಕ್ಕೆ ‘ಜೀವನ’ ಎಂದು ಅರ್ಥ ಬರೆದು, ವೀರನು ಜೀವನವನ್ನು ಒರೆಯಿಂದ ಹೊರಗೆಳೆದಂತೆ ಮಾಡಿಬಿಟ್ಟಿದ್ದ! ತರಗತಿಯಲ್ಲಿ ನಕ್ಕರಂತೆ. ಹೊಸಗನ್ನಡದಲ್ಲಿ ಎರಡೂ ‘ಬಾಳು’. ಪಂಪನ ಕಾಲಕ್ಕಾದರೋ ಬದುಕುವುದು ‘ಬಾೞ್’, ಕತ್ತಿ ‘ಬಾಳ್’, ಅಕ್ಷರವೇ ಬೇರೆ. ಹಾಗೆಯೇ ‘ಏರ್’ ಎಂದರೆ ನೇಗಿಲು, ‘ಏಱ್’ ಎಂದರೆ ಹತ್ತು. ‘ಕರೆ’ ಕೂಗುವುದು, ‘ಕಱೆ’ ಹಾಲು ಹಿಂಡುವುದು. ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆಯುವ ಹೊತ್ತಿಗೆ ಈ ಭೇದ ಅಳಿಯತೊಡಗಿತ್ತು. ಅದಕ್ಕಾಗಿಯೇ ಅವನು ರಳ, ಕುಳ, ಕ್ಷಳಗಳನ್ನು ಬೇರೆ ಬೇರೆ ಮಾಡಿ ತೋರಿಸಿದ್ದು. ಮೊದಲ ವರ್ಷದ ವಿದ್ಯಾರ್ಥಿಗೆ ವ್ಯಾಕರಣ ಒಣಕಟ್ಟಿಗೆಯಂತೆ ಕಾಣುತ್ತದೆ. ಕಂದಪದ್ಯದ ಸೂತ್ರ, ಅದಕ್ಕೆ ಅವನೇ ಬರೆದ ವೃತ್ತಿ, ಕೆಳಗೆ ಪೂರ್ವಕವಿಗಳ ಪ್ರಯೋಗಗಳು: ಈ ಮೂರನ್ನೂ ಸೇರಿಸಿ ಓದಿದರೆ ಆ ಭಾವ ಹೋಗುತ್ತದೆ. ಅಸಗ, ಗಜಗರನ್ನು ಕೇಶಿರಾಜನು ತನಗೆ ಲಕ್ಷ್ಯವಾದ ಕವಿಗಳೆಂದು ಹೆಸರಿಸುತ್ತಾನೆ. ಅವರ ಕನ್ನಡ ಕಾವ್ಯಗಳು ಇಂದು ನಮಗಿಲ್ಲ. ಉದಾಹರಣೆಯ ಒಂದು ಸಾಲಿನಲ್ಲಿ ಕಳೆದುಹೋದ ಕಾವ್ಯವೊಂದರ ಚೂರು ಉಳಿದಿರಬಹುದೆಂದು ಹೇಳಿದಾಗ ಹುಡುಗ ಮೊದಲ ಬಾರಿಗೆ ತಲೆಯೆತ್ತಿದ.

ಓದುವ ಕ್ರಮವನ್ನು ಕುರಿತು ಒಂದು ಮಾತು. ಅಂಗಡಿಯಲ್ಲಿ ಗೈಡುಗಳು ಸಿಗುತ್ತವೆ. ಒಳ್ಳೆಯ ಗದ್ಯಾನುವಾದಗಳೂ ಇವೆ. ಅವನ್ನು ಮುಟ್ಟಬಾರದೆಂದು ನಾನು ಹೇಳುವುದಿಲ್ಲ, ನಾನೂ ಮುಟ್ಟಿದವನೇ. ಆದರೆ ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿ, ಸಂಧಿ ಬಿಡಿಸಿ, ಕ್ರಿಯಾಪದವೆಲ್ಲಿದೆಯೆಂದು ಹುಡುಕಿ, ಅನ್ವಯ ಮಾಡಿ, ತಿಳಿಯದ ಪದವನ್ನು 1894ರ ಕಿಟೆಲ್ ಕೋಶದಲ್ಲೋ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೋ ನೋಡಿ, ತಪ್ಪೋ ಒಪ್ಪೋ ಒಂದು ಅರ್ಥವನ್ನು ಪೆನ್ಸಿಲಿನಲ್ಲಿ ಬರೆದಿಟ್ಟ ಮೇಲೆ ಅನುವಾದವನ್ನು ತೆರೆಯಬೇಕು. ದಿನಕ್ಕೆ ಎರಡು ಪದ್ಯ ಸಾಗಿದರೆ ಹೆಚ್ಚು. ಹಾಸ್ಟೆಲಿನ ಗೆಳೆಯರು ಅಷ್ಟರಲ್ಲಿ ಒಂದು ಆಶ್ವಾಸವನ್ನೇ ಮುಗಿಸಿರುತ್ತಾರೆ, ಮುಗಿಸಲಿ.

ಹುಡುಗ ಕನ್ನಡವನ್ನು ಬಿಡಲಿಲ್ಲ. ಅದೇ ವಿಷಯವನ್ನು ಮತ್ತೆ ಬರೆದೊಪ್ಪಿಸಲು ಅಧ್ಯಾಪಕರು ಅವಕಾಶ ಕೊಟ್ಟರು. ಈ ಸಲ ಹತ್ತಕ್ಕೆ ಆರು. ಅಂಚಿನಲ್ಲಿ ಮತ್ತೆ ಕೆಂಪು ಶಾಯಿ: “ಆಧಾರ ಸರಿ. ಎದುರು ಪಕ್ಷವೆಲ್ಲಿ?” ಅದನ್ನು ಓದಿ ನನಗೆ ನಗು ಬಂತು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಕೈಹಾಕಬಾರದೆಂದು ನನ್ನ ಗುರುಗಳು ಪ್ರತಿದಿನ ಗದರುತ್ತಿದ್ದರು. ನಾನು ಅದನ್ನು ಶಿಷ್ಯರಿಗೆ ಹೇಳಿಕೊಡಲು ಮರೆತಿದ್ದೆ.

ಬೇಸಗೆಯ ರಜೆಯಲ್ಲಿ ಅವನು ವಿಶ್ವವಿದ್ಯಾನಿಲಯದ ಗ್ರಂಥಾಲಯದಿಂದ ಪಾಠಕರ ಪೀಠಿಕೆಯ ಜೆರಾಕ್ಸ್ ಪ್ರತಿಯನ್ನು ತಂದ. ಅದು ಇಂಗ್ಲಿಷಿನಲ್ಲಿದೆ, ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಪ್ರತಿದಿನ ಬೆಳಗ್ಗೆ ಶಾಲೆಯ ಜಗಲಿಯ ಮೇಲೆ ಕುಳಿತು ಅವನು ಒಂದೊಂದೇ ವಾಕ್ಯವನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ಅರ್ಥ ಸಂದೇಹವಾದಲ್ಲಿ ತಡೆದು, ಯಾವ ಆಧಾರದಿಂದ ಎನ್ನುತ್ತಿದ್ದೆ. ಅವನು ಬೆರಳಿಟ್ಟು ತೋರಿಸುತ್ತಿದ್ದ.